ಪರಿಸರ ಅಹವಾಲು ಸಭೆಗೆ ಊರು ಸಿದ್ಧವಾಗುವ ಬಗೆ

ಅಘನಾಶಿನಿಯ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರಿಗೂ ಕಾರವಾರದ ದಂಡೆಯಲ್ಲಿ ಬಲೆ ಒಣಗಿಸುವವರಿಗೂ ದೊಡ್ಡ ಯೋಜನೆಯ ಸುದ್ದಿ ಎಷ್ಟೋ ಸಲ ಯಂತ್ರಗಳು ಬಂದಿಳಿದ ಮೇಲೆಯೇ ತಲುಪುತ್ತದೆ. ಕಾನೂನು ಅವರ ಮಾತಿಗೆ ಜಾಗ ಕೊಟ್ಟಿರುವುದು ಅದಕ್ಕಿಂತ ಬಹಳ ಮೊದಲು. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ, ವಿನಾಯಿತಿ ಪಡೆದ ಕೆಲವು ಬಗೆಯ ಯೋಜನೆಗಳನ್ನು ಬಿಟ್ಟರೆ, ಪರಿಸರ ಅನುಮತಿಗೆ ಮುನ್ನ ಯೋಜನಾ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಲೇಬೇಕು.

ಸಭೆಯ ಪ್ರಕಟಣೆಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಕೊಡಬೇಕು. ಆ ಪುಟವನ್ನು ದಿನಾಂಕ ಕಾಣುವಂತೆ ಕತ್ತರಿಸಿಟ್ಟುಕೊಳ್ಳಿ. ಯೋಜನೆಯ ಪರಿಸರ ಪರಿಣಾಮದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿಯೂ ಸ್ಥಳೀಯ ಪಂಚಾಯಿತಿ ಅಥವಾ ನಗರಸಭೆಯಲ್ಲಿಯೂ ಓದಲು ಸಿಗಬೇಕು. ಕನ್ನಡದಲ್ಲಿ ಸಿಗುವುದು ಸಾಮಾನ್ಯವಾಗಿ ಸಾರಾಂಶ ಮಾತ್ರ, ಊರಿನ ಬದುಕಿಗೆ ತಾಗುವ ವಿವರಗಳಿರುವುದು ಇಂಗ್ಲಿಷಿನ ದಪ್ಪ ಪುಸ್ತಕದಲ್ಲಿ. ಆದ್ದರಿಂದ ಇಂಗ್ಲಿಷ್ ಬಲ್ಲ ಊರಿನ ಒಬ್ಬಿಬ್ಬರನ್ನು ಜೊತೆಗೆ ಕೂರಿಸಿಕೊಂಡು ಮೀನುಗಾರಿಕೆ, ಭೂಬಳಕೆ ಮತ್ತು ನೀರಿನ ಅಧ್ಯಾಯಗಳನ್ನಾದರೂ ಓದಿಸಿ. ಬಳಚಿನ ನೆಲ, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ದೋಣಿ ಎಳೆಯುವ ಜಾಗ ನಕ್ಷೆಯಲ್ಲಿವೆಯೇ? ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕಡಲಾಮೆ ಮೊಟ್ಟೆಯಿಡುವ ಮರಳು ಇದ್ದರೆ ಅವು 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಅತಿ ಕಟ್ಟುನಿಟ್ಟಿನ 1ಎ ವಲಯಕ್ಕೆ ಸೇರುತ್ತವೆ. ವರದಿ ಬಿಟ್ಟಿರುವ ಜಾಗವನ್ನು ನೀವು ಫೋಟೊ, ಸರ್ವೆ ನಂಬರು, ಹಿಡುವಳಿಯ ಲೆಕ್ಕದೊಂದಿಗೆ ತುಂಬಿದರೆ ಅದು ಬರಿಯ ವಿರೋಧವಲ್ಲ, ಪುರಾವೆ.

ಆಕ್ಷೇಪಣೆಯನ್ನು ಬರೆದೇ ಕೊಡಬೇಕು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ: ಅಹವಾಲು ಸಭೆ ಮತದಾನವಲ್ಲ, ಸಾವಿರ ಜನ ಕೂಗಿದರೂ ಕಡತಕ್ಕೆ ಹೋಗುವುದು ‘ಸಾರ್ವಜನಿಕರು ವಿರೋಧಿಸಿದರು’ ಎಂಬ ಒಂದೇ ಸಾಲಾಗಬಹುದು. ಬಹಿಷ್ಕಾರ ಹಾಕಿ ಹೊರನಡೆಯುವುದಂತೂ ನನ್ನ ದೃಷ್ಟಿಯಲ್ಲಿ ನಷ್ಟದ ವ್ಯವಹಾರ, ಏಕೆಂದರೆ ಸಭೆಗೆ ಕೋರಂ, ಅಂದರೆ ಇಷ್ಟು ಜನ ಇರಲೇಬೇಕೆಂಬ ಕನಿಷ್ಠ ಹಾಜರಾತಿ, ಎಂಬುದೇ ಇಲ್ಲ. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ನಡೆಯುವ ಸಭೆಯ ವಿಡಿಯೊ ಚಿತ್ರೀಕರಣ ಕಡ್ಡಾಯ. ನಡಾವಳಿಯನ್ನು ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ವಿವರಿಸಿ ಓದಬೇಕು. ಅದನ್ನು ಕೇಳುವವರೆಗೆ ಯಾರೂ ಏಳಬಾರದು; ನಿಮ್ಮ ಮಾತು ಬಿಟ್ಟಿದ್ದರೆ ಅಲ್ಲಿಯೇ ಸೇರಿಸಲು ಕೇಳಿ.

ನಡಾವಳಿಯ ಪ್ರತಿ ಸಿಗದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ.

ಅನುಮತಿ ಹೊರಬಿದ್ದರೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು, ಅದರಾಚೆ ಇಲ್ಲ. ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಕಾರವಾರದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುವಾಗ ಮೊಹರು ಬಿದ್ದ ಆ ಆಕ್ಷೇಪಣೆಯ ಪ್ರತಿ ಕೈಯಲ್ಲಿರಲಿ.