ನಾನು ಹೆಣೆದ ಗಂಡಭೇರುಂಡ

ತಂಗಿಯ ಮಗಳಿಗೆ 4 ವರ್ಷ. ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲಿರುವ ಎರಡು ತಲೆ ಹಕ್ಕಿಯನ್ನು ಕಂಡಲ್ಲೆಲ್ಲ ಬೆರಳು ಮಾಡಿ ತೋರಿಸುತ್ತಾಳೆ. ಮೊಲ, ಆಮೆ, ಆಕ್ಟೋಪಸ್ ಎಲ್ಲ ಅವಳಿಗೆ ಕ್ರೋಶಾದಲ್ಲಿ, ಅಂದರೆ ಕೊಕ್ಕೆ ಕಡ್ಡಿಯ ಹೆಣಿಗೆಯಲ್ಲಿ, ಹಾಕಿಕೊಟ್ಟಾಗಿತ್ತು. ಈ ಸಲ ಬಂದವಳು, "ದೊಡ್ಡಮ್ಮ, ನಂಗೆ ಬಸ್ ಹಕ್ಕಿ ಹಾಕಿಕೊಡು" ಅಂದಳು.

ಮೊಲಕ್ಕಾದರೆ ಬೇಕಾದಷ್ಟು ಪ್ಯಾಟರ್ನ್ ಸಿಗುತ್ತವೆ. ಗಂಡಭೇರುಂಡಕ್ಕೆ ನನಗೆ ಒಂದೂ ಸಿಗಲಿಲ್ಲ. ಹಾಗಾಗಿ ನಾನೇ ಲೆಕ್ಕ ಹಾಕಿದೆ, ಎರಡು ಸಲ ಬಿಚ್ಚಿದೆ, ಮೂರನೇ ಸಲ ಸರಿ ಬಂತು. ಯಾರಿಗಾದರೂ ಹಾಕುವ ಆಸೆ ಇದ್ದರೆ ಈ ಲೆಕ್ಕ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಯಾವ ಗಂಡಭೇರುಂಡ ಅನ್ನುವುದನ್ನು ತೀರ್ಮಾನ ಮಾಡಬೇಕು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬ ಇದೆಯಲ್ಲ, ಅದರ ಮೇಲಿನ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ನೋಡಲು ತುಂಬಾ ಗಂಭೀರ, ಆದರೆ ಮಗು ತಬ್ಬಿಕೊಂಡು ಮಲಗುವ ಗೊಂಬೆಗೆ ಹೊಂದುವುದಿಲ್ಲ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಪೂರ್ತಿ ಹಕ್ಕಿ, ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳು. ನಮ್ಮ ರಾಜ್ಯದ ಲಾಂಛನದಲ್ಲಿ ಕೆಂಪು ಗುರಾಣಿಯ ಮೇಲೆ ಬಿಳಿ ಹಕ್ಕಿ. ನಾನು ಲಾಂಛನದ ಬಣ್ಣ, ನಾಣ್ಯದ ಆನೆ, ಎರಡನ್ನೂ ತೆಗೆದುಕೊಂಡೆ. ಬಿಳಿ ಮೈ, ಗರಿಗಳಿಗೆ ಕೆಂಪು ಅಂಚು.

ದಾರ ಮಿಲ್ಕ್ ಕಾಟನ್, ಕಡ್ಡಿ 2.5 ಮಿಲಿಮೀಟರ್. ದಾರಕ್ಕೆ ಇನ್ನೂ ದಪ್ಪ ಕಡ್ಡಿ ಹೇಳಿರುತ್ತಾರೆ, ಆದರೆ ಗೊಂಬೆಗೆ ಒಂದು ಸೈಜ್ ಚಿಕ್ಕದೇ ಬೇಕು. ಇಲ್ಲದಿದ್ದರೆ ಸ್ಟಿಚ್‌ಗಳ ಸಂದಿಯಿಂದ ಒಳಗಿನ ಫೈಬರ್ ಇಣುಕುತ್ತದೆ, ಅದರಲ್ಲೂ ಬಣ್ಣದ ದಾರವಾದರೆ ಎದ್ದು ಕಾಣುತ್ತದೆ. ಒಳಗೆ ತುಂಬಲು ದಿಂಬಿನ ಫೈಬರ್. ಹಿಂದೊಂದು ಮೊಲಕ್ಕೆ ಬೂರುಗದ ಹತ್ತಿ ತುಂಬಿದ್ದೆ, ಎರಡು ಸಲ ಒಗೆಯುವಷ್ಟರಲ್ಲಿ ಗಡ್ಡೆ ಗಡ್ಡೆ ಆಯಿತು.

ಇನ್ನು ಕುತ್ತಿಗೆ. ಇಡೀ ಹಕ್ಕಿಯಲ್ಲಿ ಕಷ್ಟ ಇರುವುದು ಇಲ್ಲೇ. ಮೊದಲ ಸಲ ಹೊಟ್ಟೆಯ ಅಡಿಯಿಂದ ಶುರು ಮಾಡಿ ಮೇಲಕ್ಕೆ ಬಂದು, 36 ಸ್ಟಿಚ್ ಇದ್ದಾಗ ಅದನ್ನು 18, 18 ಅಂತ ಎರಡು ಪಾಲು ಮಾಡಿದೆ. ಕವಲಿನಲ್ಲಿ ದೊಡ್ಡ ತೂತು ಬಿತ್ತು. ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು, ಎರಡು ಕುತ್ತಿಗೆ ತೀರಾ ಹತ್ತಿರ ನಿಂತು ತಲೆಗಳು ಒಂದಕ್ಕೊಂದು ಒರಗಿಕೊಂಡವು. ಗಂಡಭೇರುಂಡದ ತಲೆಗಳು ಒಂದು ಅತ್ತ, ಒಂದು ಇತ್ತ ನೋಡಬೇಕು ಅಲ್ವಾ? ಇವು ಗುಟ್ಟು ಮಾತಾಡುತ್ತಿರುವ ಹಾಗೆ ಕಾಣುತ್ತಿದ್ದವು. ಪೂರ್ತಿ ಬಿಚ್ಚಿದೆ.

ಆಮೇಲೆ ಹೊಳೆಯಿತು. ಗೊಂಬೆಗೆ ಕಾಲು ಹಾಕುವಾಗ ಎರಡು ಕಾಲು ಬೇರೆ ಬೇರೆ ಹೆಣೆದು ಸೊಂಟದಲ್ಲಿ ಸೇರಿಸುತ್ತೇವೆ. ಅದನ್ನೇ ತಲೆಕೆಳಗು ಮಾಡಿದರೆ ಆಯಿತು. ತಲೆಯಿಂದ ಶುರು ಮಾಡಿ ಕೆಳಕ್ಕೆ ಬರಬೇಕು.

ತಲೆಗೆ ಮ್ಯಾಜಿಕ್ ರಿಂಗ್‌ನಲ್ಲಿ (ಎಳೆದರೆ ಬಿಗಿಯಾಗುವ ದಾರದ ಕುಣಿಕೆ) 6 ಸಿಂಗಲ್ ಕ್ರೋಶೆ (ಗಿಡ್ಡನೆಯ ಸರಳ ಸ್ಟಿಚ್). ಮುಂದಿನ ಸುತ್ತುಗಳು 12, 18, 24. ಹಾಗೇ 24ರಲ್ಲೇ 4 ಸುತ್ತು. ಆಮೇಲೆ ಎರಡು ಸ್ಟಿಚ್ ಹಾಕಿ ಒಂದು ಡಿಕ್ರೀಸ್ (ಎರಡು ಸ್ಟಿಚ್ ಸೇರಿಸಿ ಒಂದು ಮಾಡುವುದು), ಹೀಗೆ ಒಂದು ಸುತ್ತು ಬಂದರೆ 18. ಅದೇ ಕುತ್ತಿಗೆ, 6 ಸುತ್ತು. ಡಿಕ್ರೀಸ್ ಮಾಡುವಾಗ ಎರಡೂ ಸ್ಟಿಚ್‌ಗಳ ಮುಂದಿನ ಎಳೆಗೆ ಮಾತ್ರ ಕಡ್ಡಿ ಹಾಕಿ, ಗಂಟು ಕಾಣುವುದಿಲ್ಲ. ಮೊದಲ ತಲೆಯ ದಾರ ಕತ್ತರಿಸಿ, ಎರಡನೆಯದರ ದಾರ ಕತ್ತರಿಸದೆ ಹಾಗೇ ಬಿಡಿ. ಅದರಿಂದಲೇ 3 ಚೈನ್ (ಸರಪಳಿ ಕುಣಿಕೆ) ಹಾಕಿ ಮೊದಲ ಕುತ್ತಿಗೆಗೆ ಸೇರಿಸಿ. ಅದರ ಸುತ್ತ 18, ಚೈನ್ ಮೇಲೆ 3, ಎರಡನೇ ಕುತ್ತಿಗೆಯ ಸುತ್ತ 18, ಚೈನ್‌ನ ಆಚೆ ಬದಿಗೆ 3. ಒಟ್ಟು 42. ಆ 3 ಚೈನ್ ಇದೆಯಲ್ಲ, ಅದೇ ಕುತ್ತಿಗೆಗಳನ್ನು ದೂರ ಇಡುವುದು. ಚೈನ್‌ನ ಎರಡು ತುದಿಗಳಲ್ಲಿ ಚಿಕ್ಕ ಸಂದಿ ಉಳಿಯುತ್ತದೆ, ಕತ್ತರಿಸಿದ ದಾರದ ಬಾಲದಿಂದಲೇ ದಬ್ಬಣದಲ್ಲಿ ಎರಡು ಹೊಲಿಗೆ ಹಾಕಿದರೆ ಮುಚ್ಚಿಹೋಗುತ್ತದೆ.

ಮುಂದಿನದು ಸುಲಭ. 48ಕ್ಕೆ ಏರಿಸಿ 12 ಸುತ್ತು ನೇರ. ಆಮೇಲೆ ಪ್ರತಿ ಸುತ್ತಿಗೆ 6 ಕಡಿಮೆ ಮಾಡುತ್ತಾ 6ಕ್ಕೆ ಬಂದು ಮುಚ್ಚುವುದು. ಮುಚ್ಚುವ ಮೊದಲು ಕುತ್ತಿಗೆಗೆ ಫೈಬರ್ ಗಟ್ಟಿಯಾಗಿ ತುಂಬಿ, ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಗಬಾರದು. ಕುತ್ತಿಗೆ ನಿಲ್ಲಲಿ ಅಂತ ತಂತಿ ಹಾಕುವವರಿದ್ದಾರೆ. ಷೋಕೇಸಿಗಾದರೆ ಸರಿ, ಮಗುವಿನ ಕೈಗೆ ಕೊಡುವ ಗೊಂಬೆಗೆ ಬೇಡವೇ ಬೇಡ.

ಎರಡನೇ ಸಲ ಬಿಚ್ಚಿದ್ದು ಕೊಕ್ಕಿಗೋಸ್ಕರ. ತಲೆ ಕೈಯಲ್ಲಿದ್ದಾಗ ಹೊಲಿಯುವುದು ಸುಲಭ ಅಂತ ಎರಡಕ್ಕೂ ಕೊಕ್ಕು, ಕಣ್ಣು ಮೊದಲೇ ಹಾಕಿದ್ದೆ. ಸುತ್ತು ಎಲ್ಲಿ ಶುರುವಾಯಿತು ಅಂತ ಗುರುತಿಟ್ಟು ಎಣಿಸಿಯೇ ಹಾಕಿದ್ದೆ. ಆದರೆ ಸುತ್ತುತ್ತಾ ಹೋದ ಹಾಗೆ ಸಿಂಗಲ್ ಕ್ರೋಶೆ ಒಂದು ಕಡೆಗೆ ಸರಿಯುತ್ತಾ ಹೋಗುತ್ತದೆ. ಆರು ಸುತ್ತು ಕುತ್ತಿಗೆ ಮುಗಿದು ಸೇರಿಸಿದ ಮೇಲೆ ನೋಡಿದರೆ ಒಂದು ತಲೆ ಮುಂದಕ್ಕೆ ನೋಡುತ್ತಿದೆ, ಇನ್ನೊಂದು ಬೆನ್ನ ಕಡೆಗೆ! ಹಾಗಾಗಿ ಮುಖ ಕೊನೆಗೆ. ಮೈ ಮುಗಿದು, ಫೈಬರ್ ತುಂಬಿ, ಹಕ್ಕಿಯನ್ನು ಮೇಜಿನ ಮೇಲೆ ಕೂರಿಸಿ, ಕೊಕ್ಕನ್ನು ಗುಂಡುಪಿನ್ನಿನಲ್ಲಿ ಚುಚ್ಚಿಟ್ಟು ಎರಡು ಹೆಜ್ಜೆ ಹಿಂದೆ ನಿಂತು ನೋಡಿ. ನಾನು ಒಂದಿಡೀ ಸಂಜೆ ಪಿನ್ನು ಸರಿಸುತ್ತಾ ಕೂತಿದ್ದೆ. ಕೊಕ್ಕನ್ನು ಒಂದೇ ಒಂದು ಸ್ಟಿಚ್ ಮೇಲಕ್ಕೆ ಸರಿಸಿದ್ದಕ್ಕೆ ಹಕ್ಕಿಗೆ ತಲೆ ಎತ್ತಿ ನಿಂತ ಗತ್ತು ಬಂತು. ಆ ಕ್ಷಣ ನನಗೆ ಆದ ಖುಷಿ ಇಷ್ಟಿಷ್ಟಲ್ಲ.

ಕಣ್ಣಿಗೆ ಪ್ಲಾಸ್ಟಿಕ್ ಮಣಿ ಹಾಕಲಿಲ್ಲ, ಕಪ್ಪು ದಾರದಲ್ಲೇ ಹೊಲಿದೆ. ಅವಳಿಗೆ 8 ತಿಂಗಳ ತಮ್ಮ ಇದ್ದಾನೆ, ಸಿಕ್ಕಿದ್ದೆಲ್ಲ ಬಾಯಿಗೆ. ಸೇಫ್ಟಿ ಐ ಅಂತ ಹೆಸರಿದ್ದರೂ 3 ವರ್ಷದೊಳಗಿನ ಮಕ್ಕಳಿರುವ ಮನೆಗೆ ಅವು ಬೇಡ.

ರೆಕ್ಕೆಗೆ ಒಂದೊಂದೇ ಗರಿ. 14, 12, 10, 8, 6 ಚೈನ್ ಹಾಕಿ, ಪ್ರತಿಯೊಂದರ ಎರಡೂ ಬದಿಗೆ ಸಿಂಗಲ್ ಕ್ರೋಶೆ, ಆಮೇಲೆ ಕೆಂಪು ದಾರದಲ್ಲಿ ಅಂಚು. ಐದನ್ನೂ ಸಾಲಾಗಿ ಹೊಲಿದರೆ ಒಂದು ರೆಕ್ಕೆ. ಬಾಲಕ್ಕೂ ಅಂಥವೇ ಐದು. ಒಟ್ಟು 15 ಗರಿ, ದಾರದ ತುದಿಗಳನ್ನು ಒಳಗೆ ಸೇರಿಸುವುದಕ್ಕೇ ಎರಡು ದಿನ ಹಿಡಿಯಿತು.

ಕೊನೆಗೆ ಹೆಬ್ಬೆರಳು ಗಾತ್ರದ ಎರಡು ಬೂದು ಬಣ್ಣದ ಆನೆ ಹಾಕಿ, 10 ಚೈನ್‌ನ ದಾರದಲ್ಲಿ ಕಾಲುಗಳಿಗೆ ಕಟ್ಟಿದೆ. ನಾಣ್ಯದಲ್ಲಿರುವ ಹಾಗೇ ಇರಲಿ ಅಂತ. ಮಗು ಹಕ್ಕಿಯನ್ನು ತಗೊಂಡು ಎರಡೂ ತಲೆಗೆ ಮುತ್ತು ಕೊಟ್ಟಿತು. ಆಮೇಲೆ ಆನೆಗಳನ್ನು ನೋಡಿ, "ಇದಕ್ಕೆ ನೋವಾಗುತ್ತೆ ದೊಡ್ಡಮ್ಮ, ಬಿಚ್ಚು" ಅಂದಳು. ಅವಳ ಎದುರಿಗೇ ಕಾಲಿನಿಂದ ಬಿಚ್ಚಿದೆ. ರೆಕ್ಕೆಗಳ ಮೇಲಂಚು ಮಾತ್ರ ಮೈಗೆ ಹೊಲಿದಿದ್ದೆ, ಕೆಳಗೆ ಬಿಟ್ಟಿದ್ದೆ. ಆನೆಯ ದಾರವನ್ನು ರೆಕ್ಕೆಯ ಬುಡಕ್ಕೆ ಗಟ್ಟಿಯಾಗಿ ಹೊಲಿದುಕೊಟ್ಟೆ. ಈಗ ರಾತ್ರಿ ಮಲಗುವ ಮುಂಚೆ ಒಂದೊಂದು ರೆಕ್ಕೆಯ ಕೆಳಗೆ ಒಂದೊಂದು ಆನೆಯನ್ನು ಅವಳೇ ತೂರಿಸಿ ಮಲಗಿಸುತ್ತಾಳಂತೆ.