ಅಪ್ಪನ ಕಣ್ರೆಪ್ಪೆಯ ಜೀನ್ ರಿಪೋರ್ಟ್: ಓದುವುದು ಎಲ್ಲಿಂದ?

ಬದಿಯಡ್ಕದ ಮನೆ ಜಗಲಿಯಲ್ಲಿ ಕೂತು ಅಪ್ಪನ ಕಣ್ರೆಪ್ಪೆಯ ಕ್ಯಾನ್ಸರ್ ಗಡ್ಡೆಯ ಜೀನ್ ರಿಪೋರ್ಟ್ ಬಿಡಿಸಿದಾಗ ನಮ್ಮ ಕಣ್ಣು ನೇರ ಹೋದದ್ದು ಪರ್ಸೆಂಟಿಗೆ. ಟಿಪಿ53 ಎಂಬ ಜೀನಿನ ಎದುರು 42 ಎಂದಿತ್ತು. ಅಪ್ಪನಿಗೆ 42 ಪರ್ಸೆಂಟ್ ಕ್ಯಾನ್ಸರ್ ಅಂದುಕೊಂಡು ತಮ್ಮ ಅಳುವುದಕ್ಕೇ ಶುರು ಮಾಡಿದ. ಹಾಗಲ್ಲ. ಕತ್ತರಿಸಿ ತೆಗೆದ ತುಂಡಿನಲ್ಲಿ ಆ ಜೀನಿನ ಒಂದು ಜಾಗವನ್ನು 100 ಸಲ ಓದಿದರೆ ಸುಮಾರು 42 ಸಲ ಡಿಎನ್‌ಎಯ ಬದಲಾದ ಅಕ್ಷರ ಸಿಕ್ಕಿದೆ, ಅಷ್ಟೇ. ಕಾಯಿಲೆ ಎಷ್ಟು ಹಬ್ಬಿದೆ ಅಂತ ಆ ಅಂಕಿ ಹೇಳುವುದಿಲ್ಲ.

ಮೊದಲು ಬಯಾಪ್ಸಿ ಹಾಳೆ ತೆಗೆಯಿರಿ. ಕ್ಯಾನ್ಸರಿನ ಹೆಸರು ಅದರಲ್ಲಿರುತ್ತದೆ. ಹೆಸರು ಗೊತ್ತಿಲ್ಲದೆ ಜೀನ್ ಪಟ್ಟಿ ಓದಿ ಉಪಯೋಗ ಇಲ್ಲ. ಬೇಸಲ್ ಸೆಲ್ ಕ್ಯಾನ್ಸರ್ ಎಂಬ ಚರ್ಮದ ಕ್ಯಾನ್ಸರ್ ಆದರೆ ಹೆಚ್ಚಾಗಿ ಪಿಟಿಸಿಎಚ್1 ಎಂಬ ಜೀನ್ ಕೆಟ್ಟಿರುತ್ತದೆ. ಅದು ಕೋಶ ಬೆಳೆಯುವುದಕ್ಕೆ ಹಾಕಿದ ಬ್ರೇಕ್. ಆಪರೇಷನ್ ಆಗದಷ್ಟು ಬೆಳೆದವರಿಗೆ ವಿಸ್ಮೋಡೆಜಿಬ್ ಎಂಬ ಮಾತ್ರೆ ಇದೆ; ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ಅಪ್ಪನದ್ದು ಅದಲ್ಲ, ಸೆಬೇಶಿಯಸ್ ಕಾರ್ಸಿನೋಮ. ರೆಪ್ಪೆಯ ಎಣ್ಣೆ ಗ್ರಂಥಿಯಲ್ಲಿ ಹುಟ್ಟುವಂಥದ್ದು. ಅದರಲ್ಲಿ ಟಿಪಿ53, ಆರ್‌ಬಿ1 ಕೆಟ್ಟಿರುವುದು ಸಾಮಾನ್ಯ. ಸುಮ್ನೆ ಕುರು ಅಂತಲೇ ಕಾಣುತ್ತದೆ ಇದು. ಅಪ್ಪನ ಕುರುವನ್ನು ಒಬ್ಬ ಡಾಕ್ಟರು ಎರಡು ಸಲ ಕೆರೆದರು, ಎರಡು ಸಲವೂ ತುಂಡನ್ನು ಪರೀಕ್ಷೆಗೆ ಕಳಿಸಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅದೇ ಜಾಗದಲ್ಲಿ ಕುರು ಮತ್ತೆ ಬಂದರೆ, ರೆಪ್ಪೆಯ ಕೂದಲು ಉದುರಿದರೆ, ಬಯಾಪ್ಸಿ ಮಾಡಿ ಅಂತ ನೀವೇ ಕೇಳಿ.

ಆಮೇಲೆ ಮನೆಯವರ ಪ್ರಶ್ನೆ: ನಮಗೂ ಬರುತ್ತಾ? ಇದಕ್ಕೆ ಪರೀಕ್ಷೆ ಯಾವುದರ ಮೇಲೆ ನಡೆದಿದೆ ನೋಡಬೇಕು. ಗಡ್ಡೆಯ ಮೇಲೋ, ರಕ್ತದ ಮೇಲೋ? ಅಪ್ಪನಿಗೆ ನಾನು ಹೇಳಿದ್ದು ಹೀಗೆ: ತೋಟದಲ್ಲಿ ಒಂದು ಮರದ ತುದಿಗೆ ಸಿಡಿಲು ಬಡಿದರೆ ಅದರ ಗೋಟಡಿಕೆಯಿಂದ ಎದ್ದ ಸಸಿಗೆ ಏನೂ ಆಗುವುದಿಲ್ಲ. ದೋಷ ಬೀಜದಲ್ಲೇ ಇದ್ದರೆ ಕತೆ ಬೇರೆ. ಗಡ್ಡೆಯಲ್ಲಿ ಕಂಡ ಬದಲಾವಣೆ ಹೆಚ್ಚಾಗಿ ಸಿಡಿಲಿನ ಜಾತಿ. ಬೀಜದ್ದೋ ಎಂದು ತಿಳಿಯಲು ರಕ್ತ ಬೇಕು.

ನಮ್ಮಲ್ಲಿ ಒಂದು ಕೊಕ್ಕೆ ಇತ್ತು. ಸೋದರತ್ತೆಗೆ 45ರಲ್ಲೇ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು. ಎಣ್ಣೆ ಗ್ರಂಥಿಯ ಗಡ್ಡೆ, ಕರುಳಿನ ಕ್ಯಾನ್ಸರ್ ಎರಡೂ ಒಂದೇ ಕುಟುಂಬದಲ್ಲಿ ಬಂದರೆ ಎಂಎಸ್‌ಎಚ್2 ಅಥವಾ ಅದರ ಜೊತೆಯ ಜೀನುಗಳ ಮೇಲೆ ಅನುಮಾನ. ಡಿಎನ್‌ಎ ನಕಲಾಗುವಾಗಿನ ತಪ್ಪು ತಿದ್ದುವುದು ಇವುಗಳ ಕೆಲಸ. ಇದನ್ನು ಡಾಕ್ಟರು ಕೇಳುವವರೆಗೆ ಕಾಯಬೇಡಿ, ಮೊದಲೇ ಹೇಳಿ. ಅತ್ತೆಯ ವಿಷಯ ಹೇಳಿದ ಮೇಲೆಯೇ ತುಂಡಿಗೆ ಬಣ್ಣ ಹಾಕಿ ಆ ಜೀನುಗಳು ಮಾಡುವ ಪ್ರೋಟೀನುಗಳಿವೆಯೇ ಎಂದು ನೋಡಿದ್ದು. ಎಲ್ಲ ಇದ್ದವು, ಅನುಮಾನ ತಗ್ಗಿತು. ಆದರೂ ಅತ್ತೆಯ ಮಕ್ಕಳಿಗೆ ಜೆನೆಟಿಕ್ ಕೌನ್ಸೆಲಿಂಗಿಗೆ ಹೋಗಲು ಹೇಳಿದ್ದಾರೆ.

ಅರ್ಥ ಸ್ಪಷ್ಟವಿಲ್ಲದ ಬದಲಾವಣೆ ಎಂಬ ಸಾಲುಗಳೂ ಇರುತ್ತವೆ. ಅವನ್ನು ಹಿಡಿದು ನಿದ್ದೆ ಕೆಡಿಸಿಕೊಳ್ಳಬೇಡಿ.

ಇನ್ನು ಬಯಾಪ್ಸಿಯ ಮೇಣದ ಬ್ಲಾಕ್, ಅಂದರೆ ಆ ತುಂಡನ್ನು ಹುದುಗಿಸಿಟ್ಟ ಮೇಣದ ಗಟ್ಟಿ. ಬೇರೆ ಲ್ಯಾಬಿಗೆ ಅದನ್ನೇ ಕೊಡಬೇಕು. ಅದಕ್ಕಾಗಿ ತಲಪಾಡಿ ದಾಟಿ ಮಂಗಳೂರಿಗೆ ಎರಡು ಸಲ ಹೋದೆ. ಮೊದಲ ಸಲ ಬಯಾಪ್ಸಿ ನಂಬರಿನ ಚೀಟಿ ಮನೆಯಲ್ಲೇ ಮರೆತಿದ್ದೆ. ಬ್ಲಾಕ್ ಕೈಗೆ ಬಂದ ಮೇಲೆ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಇಡಬೇಡಿ. ಮೇಣ ಮೆತ್ತಗಾಗುತ್ತದೆ.