ಗ್ರಾನೈಟ್ ಗೋಡೆ ತೊಳೆಯುವ ಮುನ್ನ, ತೊಳೆದ ಮೇಲೆ: ಬಣ್ಣ ಅಳೆಯುವ ಕ್ರಮ

ರಸ್ತೆ ಬದಿಯ ಬೂದು ಗ್ರಾನೈಟ್ ಕಟ್ಟಡಕ್ಕೆ ವಾಹನಗಳ ಹೊಗೆಯ ಮಸಿ ಹಿಡಿದಿದೆಯೇ? ತೊಳೆಸುವ ಮೊದಲೇ ಬಣ್ಣ ಅಳೆದಿಡಿ. ಫೋಟೋ ಸಾಲದು, ಬಿಸಿಲು ಬದಲಾದರೆ ಅದರ ಬಣ್ಣವೂ ಬದಲಾಗುತ್ತದೆ.

ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರೋಫೋಟೋಮೀಟರ್, ಅಂದರೆ ಬಣ್ಣವನ್ನು ಅಂಕಿಯಲ್ಲಿ ಹೇಳುವ ಉಪಕರಣ ಬೇಕು: ಅಳೆಯುವ ಕಿಂಡಿ 8 ಮಿ.ಮೀ., ಡಿ65 ಬೆಳಕು (ಹಗಲ ಬೆಳಕಿನ ಮಾನಕ), 10 ಡಿಗ್ರಿ ವೀಕ್ಷಕ (ಕಣ್ಣು ಬಣ್ಣ ಕಾಣುವ ರೀತಿಯ ಮಾನಕ). ಈ ಸೆಟ್ಟಿಂಗ್ ಬರೆದಿಟ್ಟುಕೊಂಡು ಎರಡೂ ಸಲ ಅದನ್ನೇ ಬಳಸಿ. ಪ್ರತಿ ಸಲ ಉಪಕರಣದ ಬಿಳಿ ಬಿಲ್ಲೆಯ ಮೇಲೆ ಕ್ಯಾಲಿಬ್ರೇಟ್ ಮಾಡಿ, ಅಂದರೆ ಅದನ್ನು ಅಳೆದು ಉಪಕರಣವನ್ನು ಸರಿಹೊಂದಿಸಿ. ಬಿಲ್ಲೆಗೆ ಬೆರಳಿನ ಜಿಡ್ಡು ಹತ್ತಿದ್ದರೆ ಆ ದಿನದ ಅಳತೆಯೆಲ್ಲ ತಪ್ಪುತ್ತದೆ. ಉಪಕರಣ ಎಲ್, ಎ, ಬಿ ಎಂಬ ಮೂರು ಅಂಕಿ ಕೊಡುತ್ತದೆ. ಎಲ್ 0 ಅಂದರೆ ಕಪ್ಪು, 100 ಅಂದರೆ ಬಿಳಿ. ಎ ಏರಿದರೆ ಕೆಂಪು, ಇಳಿದರೆ ಹಸಿರು. ಬಿ ಏರಿದರೆ ಹಳದಿ, ಇಳಿದರೆ ನೀಲಿ.

ತಾಜ್ ಮಹಲಿನಂಥ ಬಿಳಿ ಅಮೃತಶಿಲೆ ಹೆಚ್ಚುಕಡಿಮೆ ಒಂದೇ ಬಣ್ಣ, ಕೆಲವೇ ಅಳತೆ ಸಾಕು. ಗ್ರಾನೈಟ್‌ನಲ್ಲಿ ಬಿಳಿ ಫೆಲ್ಡ್‌ಸ್ಪಾರ್ ಹರಳಿನ ಪಕ್ಕದಲ್ಲೇ ಕಪ್ಪು ಅಭ್ರಕದ ಹರಳು ಇರುತ್ತದೆ. ಕಿಂಡಿ ಒಂದೆರಡು ಮಿ.ಮೀ. ಸರಿದರೂ ಎಲ್ ಜಿಗಿಯುತ್ತದೆ. ಅದಕ್ಕೇ ಒಂದೊಂದು ಕಲ್ಲಿನಲ್ಲೂ ಅಳೆಯುತ್ತಾ ಸರಾಸರಿ ನೋಡುತ್ತಿರಿ, ಇನ್ನೈದು ಅಳತೆ ಸೇರಿಸಿದರೂ ಸರಾಸರಿ ಅಲುಗದಿದ್ದರೆ ನಿಲ್ಲಿಸಿ. ದಪ್ಪ ಹರಳಿನ ಕಲ್ಲಿಗೆ 20 ಬೇಕಾದರೂ ಆಶ್ಚರ್ಯವಿಲ್ಲ.

ಮತ್ತೆ ಅದೇ ಜಾಗಕ್ಕೆ ಬರುವುದೇ ಇಲ್ಲಿ ಕಷ್ಟದ ಕೆಲಸ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಲ್ಲಿನ ಮೇಲೆ ಹರಡಿ, ಕಲ್ಲಿನ ಎರಡು ಮೂಲೆ ಮತ್ತು ಗಾರೆಯ ಸಂದನ್ನು ಮಾರ್ಕರಿನಿಂದ ಎಳೆದುಕೊಳ್ಳಿ. ಅಳೆಯುವ ಕಡೆ ಉಪಕರಣದ ಮೂತಿ ಕೂರುವಷ್ಟು ತೂತು ಕೊರೆಯಿರಿ. ಮುಂದಿನ ಸಲ ಗೆರೆಗಳು ಕೂಡಿದರೆ ತೂತುಗಳೂ ಕೂಡುತ್ತವೆ. ಕಲ್ಲಿನ ಮೇಲೆ ಮಾತ್ರ ಗುರುತು ಹಾಕಬೇಡಿ.

ಒದ್ದೆ ಕಲ್ಲು ಕಪ್ಪಾಗಿ ಕಾಣುತ್ತದೆ, ಎಲ್ ಇಳಿಯುತ್ತದೆ. ತೊಳೆದ ಸಂಜೆಯೇ ಅಳೆದರೆ ತೊಳೆದದ್ದೇ ವ್ಯರ್ಥ ಎನಿಸೀತು. ದಿನಕ್ಕೊಮ್ಮೆ ಅಳೆಯಿರಿ, ಎಲ್ ಏರುವುದು ನಿಂತ ಮೇಲಿನ ಅಂಕಿಯನ್ನೇ ತೆಗೆದುಕೊಳ್ಳಿ. ತೊಳೆಯದೆ ಬಿಟ್ಟ ಒಂದು ಕಲ್ಲನ್ನೂ ಜೊತೆಗೇ ಅಳೆಯಿರಿ. ಅದರ ಅಂಕಿಯೂ ಬದಲಾಗಿದ್ದರೆ ಉಪಕರಣವನ್ನೋ ತೇವವನ್ನೋ ಅನುಮಾನಿಸಬೇಕು.

ಇನ್ನು ಲೆಕ್ಕ. ತೊಳೆಯುವ ಮುಂಚಿನ ಮತ್ತು ನಂತರದ ಎಲ್, ಎ, ಬಿ ಮೂರೂ ವ್ಯತ್ಯಾಸಗಳ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಡೆಲ್ಟಾ ಇ, ಅಂದರೆ ಒಟ್ಟು ಬಣ್ಣದ ಬದಲಾವಣೆ. ಎಲ್ 6, ಎ 1, ಬಿ 3 ಏರಿದೆ ಎನ್ನಿ: 36, 1, 9 ಕೂಡಿದರೆ 46, ವರ್ಗಮೂಲ 6.8. ಇಷ್ಟು ಬದಲಾವಣೆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಈ ಒಂದೇ ಅಂಕಿ ನೋಡಿ ಗುತ್ತಿಗೆದಾರರ ಬಿಲ್ಲಿಗೆ ಸಹಿ ಹಾಕಬೇಡಿ. ಮಸಿ ಹೋದರೆ ಎಲ್ ಏರಬೇಕು, ಸರಿ. ಬಿ ಯಾಕೆ 3 ಏರಿತು? ಆಸಿಡ್ ಹಾಕಿ ತೊಳೆದಿದ್ದರೆ ಕಪ್ಪು ಅಭ್ರಕದಲ್ಲಿನ ಕಬ್ಬಿಣ ಕರಗಿ ಹೊರಬಂದು ತುಕ್ಕಿನ ಹಳದಿಯಾಗಿ ನಿಲ್ಲುತ್ತದೆ. ಮರಳು ಹೊಡೆಸಿದ್ದರೆ ಹರಳುಗಳು ಸೀಳಿ ಬೆಳ್ಳಗಾಗುತ್ತವೆ: ಎಲ್ ಏರಿದ್ದು ಕಲ್ಲು ಸವೆದದ್ದರಿಂದ. ಭೂತಗನ್ನಡಿ ಹಿಡಿದು ನೋಡಿ, ಹೊಸ ಸೀಳುಗಳು ಸಕ್ಕರೆ ಹರಳಿನಂತೆ ಮಿನುಗುತ್ತವೆ.

ಹೋಲಿಸಲು ಸೂರಿನಡಿ ಮಳೆ, ಹೊಗೆ ತಾಗದ ಅದೇ ಜಾತಿಯ ಕಲ್ಲು ಹುಡುಕಿ. ತೊಳೆದ ಕಲ್ಲು ಅದಕ್ಕಿಂತಲೂ ಬೆಳ್ಳಗಾಗಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಉಳಿದ ಗೋಡೆಗೆ ವಿಧಾನ ಬದಲಿಸಿ.